ಒಗ್ಗರಣೆ ಡಬ್ಬಿಯ ಡಾಕ್ಟರು

ವಿಜಯನಗರದಲ್ಲಿ ಡಾಕ್ಟರಿಗೇನೂ ಬರಗಾಲವಿರಲಿಲ್ಲ. ಬಸ್‌ಸ್ಟ್ಯಾಂಡಿನಿಂದ ಮಾರ್ಕೆಟ್ಟಿನ ತನಕ ನಡೆದರೆ ಹಲ್ಲಿಗೊಬ್ಬರು, ಕಿವಿಗೊಬ್ಬರು, ಮಕ್ಕಳಿಗೊಬ್ಬರು ಬೋರ್ಡು ಹಾಕಿಕೊಂಡು ಕೂತಿದ್ದರು. ಆದರೂ ಏಳನೇ ಅಡ್ಡರಸ್ತೆಯ ಜನ ತಲೆನೋವಿಗೂ ಹೊಟ್ಟೆನೋವಿಗೂ ಮೈಕೆರೆತಕ್ಕೂ ಹೋಗುತ್ತಿದ್ದದ್ದು ಲಕ್ಷ್ಮೀಪತಿಯವರ ಮನೆಗೆ. ಲಕ್ಷ್ಮೀಪತಿಯವರು ಓದಿದ್ದು ಎಸ್ಸೆಸ್ಸೆಲ್ಸಿ, ಅದರ ಮೇಲೆ ಟೈಪಿಂಗು ಸೀನಿಯರ್ ಗ್ರೇಡು.

ಹಾಗಂತ ಅವರಿಗೆ ಏನೂ ಗೊತ್ತಿರಲಿಲ್ಲ ಅನ್ನೋದು ತಪ್ಪಾಗುತ್ತದೆ. ಮೂವತ್ತಮೂರು ವರ್ಷ ಒಂದು ಔಷಧಿ ಉಗ್ರಾಣದ ಆಫೀಸಿನಲ್ಲಿ ಟೈಪಿಸ್ಟಾಗಿದ್ದವರು. ಯಾವ ಊರಿನ ಆಸ್ಪತ್ರೆಗೆ ಯಾವ ಮಾತ್ರೆ ಎಷ್ಟು ಸಾವಿರ ಅಂತ ದಿನವಿಡೀ ಬಡಿದು ಬಡಿದು, ಡೈಕ್ಲೋಫೆನಾಕ್ ಸೋಡಿಯಂ ಐವತ್ತು ಮಿಲಿಗ್ರಾಂ, ಪ್ಯಾರಾಸಿಟಮಾಲ್ ಐನೂರು ಮಿಲಿಗ್ರಾಂ ಅಂತ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು. ಕೇಳಿದವರು ಕೈ ಮುಗಿಯಬೇಕು, ಹಾಗಿತ್ತು ಉಚ್ಚಾರಣೆ. ಆ ಮಾತ್ರೆ ಹೊಟ್ಟೆಯೊಳಗೆ ಹೋದಮೇಲೆ ಏನು ಮಾಡುತ್ತದೆ ಅನ್ನೋದು ಮಾತ್ರ ಅವರು ಟೈಪ್ ಮಾಡುತ್ತಿದ್ದ ಕಾಗದದಲ್ಲಿ ಇರುತ್ತಿರಲಿಲ್ಲ.

ರಿಟೈರಾಗಿ ಎರಡು ವರ್ಷ ಸುಮ್ಮನೇ ಇದ್ದರು. ಆಮೇಲೆ ಬಂತು ನೋಡಿ ಎರಡು ಸಾವಿರದ ಆರನೇ ಇಸವಿಯ ಚಿಕೂನ್‌ಗುನ್ಯ. ಬೆಂಗಳೂರಿಗೆ ಬೆಂಗಳೂರೇ ಬೆನ್ನು ಬಗ್ಗಿಸಿಕೊಂಡು ಓಡಾಡಿದ ಕಾಲ ಅದು. ಕ್ಲಿನಿಕ್ಕಿನ ಕ್ಯೂ ಫುಟ್‌ಪಾತಿಗೆ ಬಂದಿತ್ತು. ಆ ಕ್ಯೂನಲ್ಲಿ ಎದುರು ಮನೆಯ ನಾರಾಯಣಪ್ಪ ಗೋಡೆ ಹಿಡಿದು ನಿಂತಿದ್ದರು. ಸಿಟಿ ಬಸ್ಸಿನ ಕಂಡಕ್ಟರಾಗಿ ರಿಟೈರಾದ ಮನುಷ್ಯ, ನಿಲ್ಲೋದು ಅವರಿಗೆ ಹೊಸದಲ್ಲ, ಆದರೆ ಅವತ್ತು ಕಾಲೇ ನಿಲ್ಲುತ್ತಿರಲಿಲ್ಲ. ತರಕಾರಿ ಚೀಲ ಹಿಡಿದು ಅತ್ತ ಹೋಗುತ್ತಿದ್ದ ಲಕ್ಷ್ಮೀಪತಿಯವರು ಸುಮ್ಮನೆ ಮಾತಿಗೆ ಅಂತ, ಒಳಗೆ ಹೋದರೆ ಡೈಕ್ಲೋಫೆನಾಕ್ ಐವತ್ತು ಬರೀತಾರೆ ಅಷ್ಟೆ, ಅಂದು ಮುಂದೆ ಹೋದರು. ಎರಡು ಗಂಟೆ ಕಾದು ಒಳಗೆ ಹೋದ ನಾರಾಯಣಪ್ಪನವರಿಗೆ ಡಾಕ್ಟರು ಬರೆದುಕೊಟ್ಟದ್ದೂ ಅದನ್ನೇ. ಡಾಕ್ಟರು ಬಿಪಿ ನೋಡಿದ್ದು, ಹೊಟ್ಟೆ ಒತ್ತಿದ್ದು, ಊಟ ಆದಮೇಲೇ ನುಂಗಿ, ಐದೇ ದಿನ ಅಂದದ್ದು, ಇವೆಲ್ಲ ನಾರಾಯಣಪ್ಪನವರ ಲೆಕ್ಕಕ್ಕೆ ಬರಲೇ ಇಲ್ಲ. ಚೀಟಿ ಹಿಡಿದುಕೊಂಡು ನೇರ ಲಕ್ಷ್ಮೀಪತಿಯವರ ಮನೆಗೆ ಬಂದು, ಇನ್ನುಮೇಲೆ ತಾವು ಯಾವ ಕ್ಯೂನಲ್ಲೂ ನಿಲ್ಲುವುದಿಲ್ಲ ಅಂತ ಘೋಷಿಸಿದರು.

ಅದೇ ವಾರ ಲಕ್ಷ್ಮೀಪತಿಯವರ ಹೆಂಡತಿ ಅಂಬುಜಮ್ಮ ಮಲಗಿದರು. ಜ್ವರ ಮೂರು ದಿನಕ್ಕೆ ಬಿಟ್ಟಿತು, ಮಂಡಿನೋವು ಬಿಡಲಿಲ್ಲ. ಮಕ್ಕಳಿಲ್ಲದ ಮನೆ, ಆಕೆಗಿದ್ದ ಒಂದೇ ಖುಷಿ ಅಂದರೆ ಬೆಳಗ್ಗೆ ಬಾಗಿಲಿಗೆ ರಂಗೋಲಿ. ಕುಕ್ಕುರುಗಾಲಲ್ಲಿ ಕೂತು ಹದಿನೈದು ಚುಕ್ಕಿಯಿಂದ ಒಂದು ಚುಕ್ಕಿಯ ತನಕ ಎಳೆದು ಬಿಟ್ಟರೆ ಹಾಲಿನವನೂ ಸೈಕಲ್ ಇಳಿದು ಸುತ್ತಿಕೊಂಡು ಹೋಗುತ್ತಿದ್ದ. ಈಗ ಬಾಗಿಲ ಮುಂದೆ ಬರೀ ನೀರು. ಅದನ್ನು ನೋಡಿ ಲಕ್ಷ್ಮೀಪತಿಯವರಿಗೆ ಸಹಿಸಲಾಗಲಿಲ್ಲ. ಅವರು ತಪ್ಪು ಮಾಡಿದರು ಅಂತ ಮುಂದೆ ಎಲ್ಲರೂ ಹೇಳಬಹುದು, ಆದರೆ ಪ್ರೀತಿಯಿಲ್ಲದೆ ಮಾಡಿದರು ಅಂತ ಯಾರೂ ಹೇಳುವ ಹಾಗಿಲ್ಲ. ಮೆಡಿಕಲ್ ಶಾಪಿಗೆ ಹೋಗಿ ಅದೇ ಡೈಕ್ಲೋಫೆನಾಕ್ ಒಂದು ಪಟ್ಟಿ ತಂದರು. ಅಂಗಡಿಯವನು ಚೀಟಿ ಕೇಳಲಿಲ್ಲ. ರಾತ್ರಿ ಒಂದು, ಬೆಳಗ್ಗೆ ಒಂದು ನುಂಗಿದ ಅಂಬುಜಮ್ಮ ಮಾರನೇ ದಿನ ಸಲೀಸಾಗಿ ಕೂತು ರಂಗೋಲಿ ಬಿಟ್ಟರು. ಬೀದಿಗೆ ಬೀದಿಯೇ ನೋಡಿತು. ನಾರಾಯಣಪ್ಪನವರು ಆ ರಂಗೋಲಿಯ ಪಕ್ಕದಲ್ಲಿ ನಿಂತು ಹೋಗೋ ಬರೋರಿಗೆಲ್ಲ, ಇದು ನಮ್ಮ ಡಾಕ್ಟರ ಕೈಗುಣ ಅಂತ ಹೇಳಿದರು.

ಡಾಕ್ಟರು ಅನ್ನೋ ಮಾತು ಲಕ್ಷ್ಮೀಪತಿಯವರ ಕಿವಿಗೆ ಬಿದ್ದದ್ದು ಅದೇ ಮೊದಲು. ಥತ್, ನಾನ್ಯಾವ ಡಾಕ್ಟರು ಅಂತ ಅವರು ಅಂದದ್ದು ನಿಜ. ಎಷ್ಟು ಮೆಲ್ಲಗೆ ಅಂದರು ಅಂದರೆ ಯಾರಿಗೂ ಕೇಳಿಸಲಿಲ್ಲ.

ಆಮೇಲಿನದು ತಾನಾಗೇ ನಡೆಯಿತು. ಐದು ದಿನಕ್ಕೆ ಬರೆದುಕೊಟ್ಟ ಮಾತ್ರೆಯನ್ನು ಎರಡು ದಿನಕ್ಕೆ ನಿಲ್ಲಿಸುವುದು ನಮ್ಮ ಜನರ ಹುಟ್ಟುಗುಣ. ಹಾಗೆ ಮನೆಮನೆಯಲ್ಲಿ ಮಿಕ್ಕಿದ ಅರ್ಧ ಪಟ್ಟಿ, ಕಾಲು ಪಟ್ಟಿಗಳೆಲ್ಲ ಲಕ್ಷ್ಮೀಪತಿಯವರ ಮನೆ ಸೇರತೊಡಗಿದವು. ಅವನ್ನಿಡಲು ಅವರು ಅಡುಗೆಮನೆಗೆ ಹೋಗಿ, ಅಂಬುಜಮ್ಮನವರ ಒಗ್ಗರಣೆ ಡಬ್ಬಿ ಎತ್ತಿಕೊಂಡು ಬಂದರು. ಸ್ಟೀಲಿನದು, ಒಳಗೆ ಏಳು ಬಟ್ಟಲು. ಸಾಸಿವೆ ಇದ್ದಲ್ಲಿ ಜ್ವರದ್ದು, ಜೀರಿಗೆ ಇದ್ದಲ್ಲಿ ನೋವಿನದು, ಮೆಂತ್ಯದ ಬಟ್ಟಲಲ್ಲಿ ಗ್ಯಾಸಿನದು, ಹೀಗೆ ಏಳು ಕಾಯಿಲೆಗೆ ಏಳು ಬಟ್ಟಲು. ಎಂಟನೇ ಕಾಯಿಲೆ ತಂದವರಿಗೆ ಅದು ಈ ಏಳರಲ್ಲೇ ಒಂದು ಅಂತ ಸಮಾಧಾನವಾಗಿ ತಿಳಿಸಿ ಹೇಳುತ್ತಿದ್ದರು. ಅಂಬುಜಮ್ಮ ಸಾಸಿವೆ ಜೀರಿಗೆಯನ್ನು ಹಳೇ ಹಾರ್ಲಿಕ್ಸ್ ಬಾಟಲಿಗಳಿಗೆ ಹಾಕಿಕೊಂಡು, ಒಗ್ಗರಣೆ ಸೀದುಹೋಗುವಷ್ಟರಲ್ಲಿ ಮುಚ್ಚಳ ಬಿಚ್ಚಲು ಒದ್ದಾಡುತ್ತಿದ್ದರು.

ಉಗ್ರಾಣದಲ್ಲಿ ಒಂದು ಕಟ್ಟಳೆಯಿತ್ತು. ಯಾವ ಮಾತ್ರೆಯ ತಾರೀಖು ಮೊದಲು ಮುಗಿಯುತ್ತದೋ ಅದು ಮೊದಲು ಹೊರಗೆ ಹೋಗಬೇಕು. ಉಗ್ರಾಣಕ್ಕೆ ಅದು ಸರಿಯಾದ ಕಟ್ಟಳೆಯೇ. ಲಕ್ಷ್ಮೀಪತಿಯವರು ಅದನ್ನು ಮನೆಗೂ ತಂದರು. ಯಾರಾದರೂ ಬಂದು ನೋವು ಅಂದರೆ ಮೊದಲು ಪಟ್ಟಿ ತಿರುಗಿಸಿ ತಾರೀಖು ನೋಡುತ್ತಿದ್ದರು, ಆಮೇಲೆ ಎಲ್ಲಿ ನೋವು ಅಂತ ಕೇಳುತ್ತಿದ್ದರು. ಕತ್ತರಿಯಿಂದ ಎರಡು ಮಾತ್ರೆ ಕತ್ತರಿಸಿ ಕೊಟ್ಟರೆ ಆ ತುಂಡಿನಲ್ಲಿ ಹೆಸರೂ ಇರುತ್ತಿರಲಿಲ್ಲ, ತಾರೀಖೂ ಇರುತ್ತಿರಲಿಲ್ಲ, ಕೊಟ್ಟವರ ಮೇಲಿನ ನಂಬಿಕೆ ಒಂದೇ ಇರುತ್ತಿತ್ತು.

ಬೆಳಗ್ಗೆ ರಾತ್ರಿಯ ಎರಡು ಮಾತ್ರೆಯಂತೂ ಅಂಬುಜಮ್ಮನವರಿಗೆ ನಿಂತಿರಲೇ ಇಲ್ಲ, ಅದರ ಮೇಲೆ ತಿಂಗಳ ಕೊನೆಗೆ ಹೀಗೂ ಯಾರಿಗೂ ಹೋಗದೆ ಉಳಿದದ್ದೂ ಅವರ ಪಾಲು. ಅದನ್ನು ಲಕ್ಷ್ಮೀಪತಿಯವರು ಹೇಳಿ ಮಾಡಿಸಿದ್ದಲ್ಲ. ರಾತ್ರಿ ಮಿಕ್ಕಿದ ಅನ್ನಕ್ಕೆ ಬೆಳಗ್ಗೆ ಒಗ್ಗರಣೆ ಹಾಕಿ ಗಂಡನಿಗೆ ಬಿಸಿ ದೋಸೆ ಕೊಟ್ಟು ತಾನು ಅದನ್ನು ತಿನ್ನುವ ಹೆಂಗಸು. ತಾರೀಖು ಮುಗಿಯುವ ಮಾತ್ರೆಯನ್ನು ಬಿಸಾಕುತ್ತಾರಾ? ಹೇಗೂ ಮಂಡಿನೋವು ಇದ್ದೇ ಇದೆ, ವೇಸ್ಟಾಗೋದು ಯಾಕೆ, ಕೊಡಿ ಇಲ್ಲಿ ಅಂತ ಕೈ ಚಾಚುತ್ತಿದ್ದರು.

ಆರು ತಿಂಗಳಿಗೆ ಅಂಬುಜಮ್ಮನವರಿಗೆ ಎದೆಯುರಿ ಶುರುವಾಯಿತು. ಅದಕ್ಕೆ ಮೆಂತ್ಯದ ಬಟ್ಟಲಿನ ಮಾತ್ರೆ ಬಂತು. ಕಾಲು ಊದಿಕೊಂಡಿತು, ಅದಕ್ಕೆ ನೀರು ಇಳಿಸುವ ಮಾತ್ರೆ. ನೀರು ಇಳಿದು ಸುಸ್ತಾಯಿತು, ಅದಕ್ಕೆ ಬಿ ಕಾಂಪ್ಲೆಕ್ಸು. ಆಫೀಸಿನಲ್ಲಿ ಒಂದು ಪತ್ರಕ್ಕೆ ಉತ್ತರ, ಆ ಉತ್ತರಕ್ಕೆ ವಿವರಣೆ, ವಿವರಣೆಗೆ ಜ್ಞಾಪನ ಅಂತ ಫೈಲು ದಪ್ಪವಾಗುವುದನ್ನು ಕಂಡಿದ್ದ ಲಕ್ಷ್ಮೀಪತಿಯವರಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಬೇರೆಯವರಿಗಾದರೂ ಕಂಡಿತಾ ಅಂದರೆ ಅದೂ ಇಲ್ಲ. ಮುಖ ಊದಿದ್ದು ನೋಡಿ ನಾರಾಯಣಪ್ಪ, ಅಮ್ಮಾವರು ಮೈ ತುಂಬಿಕೊಂಡಿದಾರೆ ಅಂತ ಸಂತೋಷಪಟ್ಟರು. ಕೆಂಗೇರಿಯಿಂದ ಬಂದ ಅಂಬುಜಮ್ಮನವರ ತಮ್ಮ ಮಧ್ವೇಶ್, ಅಕ್ಕ ಈ ವಯಸ್ಸಲ್ಲಿ ಬೆಳ್ಳಗಾಗಿದಾಳೆ ಅಂತ ತಮಾಷೆ ಮಾಡಿ, ಭಾವನವರ ಟಾನಿಕ್ಕಿನ ಹೆಸರು ಬರೆದುಕೊಂಡು ಹೋದ. ದಿನಾ ಹೂವು ಕೊಡುವ ಚಿಕ್ಕಗಂಗಮ್ಮ ಒಬ್ಬಳೇ, ಯಾಕೋ ಅಮ್ಮಾವ್ರ ಕಣ್ಣು ಸರಿಯಿಲ್ಲ ಅಂದಳು. ಅವಳೂ ಮುಂದುವರಿಸಲಿಲ್ಲ, ಯಾಕೆಂದರೆ ಅವಳು ನಿಂತಿದ್ದದ್ದೇ ತನ್ನ ಎರಡು ಮಾತ್ರೆಗೆ. ಮಾರ್ಕೆಟ್ಟಿನ ಬಾಗಿಲಲ್ಲಿ ಬೆಳಗಿಂದ ಮಧ್ಯಾಹ್ನದ ತನಕ ಕಾಲು ಮಡಚಿ ಕೂತು ಹೂವು ಕಟ್ಟುವವಳು, ಅವಳಿಗೂ ಮಂಡಿ.

ಎರಡು ಸಾವಿರದ ಏಳರ ಕಾರ್ತಿಕದಲ್ಲಿ ಒಂದು ಬೆಳಗ್ಗೆ ಅಂಬುಜಮ್ಮ ಏಳು ಚುಕ್ಕಿ ಇಟ್ಟು, ಎಂಟನೆಯದಕ್ಕೆ ಕೈ ಬರದೆ ಹಾಗೇ ಪಕ್ಕಕ್ಕೆ ವಾಲಿದರು. ಉಸಿರು ಮೇಲಕ್ಕೆ ಹೋಗುತ್ತಿತ್ತು. ಲಕ್ಷ್ಮೀಪತಿಯವರು ಒಳಗೆ ಓಡಿ ಒಗ್ಗರಣೆ ಡಬ್ಬಿ ತಂದು ಮುಚ್ಚಳ ತೆಗೆದು ಕೂತರು. ಏಳು ಬಟ್ಟಲಿನಲ್ಲಿ ಯಾವುದಕ್ಕೆ ಕೈ ಹಾಕಬೇಕೋ ತಿಳಿಯಲಿಲ್ಲ. ಆಟೋ ಕರೆದದ್ದು ನಾರಾಯಣಪ್ಪ.

ದೊಡ್ಡಾಸ್ಪತ್ರೆಯಲ್ಲಿ ಮೂವತ್ತರ ಆಸುಪಾಸಿನ ಒಬ್ಬ ಡಾಕ್ಟರಮ್ಮ ನೋಡಿದರು. ರಕ್ತ, ಸ್ಕ್ಯಾನು ಎಲ್ಲ ಆಗಿ ಮಾರನೇ ದಿನ ಲಕ್ಷ್ಮೀಪತಿಯವರನ್ನೂ ಮಧ್ವೇಶನನ್ನೂ ನಾರಾಯಣಪ್ಪನವರನ್ನೂ ಹಾಸಿಗೆಯ ಪಕ್ಕಕ್ಕೆ ಕರೆದು, ಎರಡು ಕಿಡ್ನಿಯೂ ಹೋಗಿವೆ, ಇನ್ನು ಮೆಷೀನಿನಲ್ಲೇ ರಕ್ತ ಶುದ್ಧ ಮಾಡಿಸಬೇಕು ಅಂದರು. ಬಿಪಿ ಯಾವ ಕಾಲದಿಂದ ಇತ್ತೋ ಏನೋ, ಯಾರೂ ಒಂದು ಸಲವೂ ನೋಡಿಲ್ಲ, ಅದರ ಮೇಲೆ ಇವರೇ ಹೇಳೋ ಹಾಗೆ ಇಷ್ಟು ದಿನ ಈ ನೋವಿನ ಮಾತ್ರೆ. ಆಮೇಲೆ ಅವರು ಕೇಳಬೇಕಾದ್ದನ್ನು ಕೇಳಿದರು.

"ಇದನ್ನ ಒಂದೂಕಾಲು ವರ್ಷ ತಗೊಳ್ಳಿ ಅಂತ ಹೇಳಿದ್ಯಾರು?"

ಲಕ್ಷ್ಮೀಪತಿಯವರು ಹೇಳಬೇಕು ಅಂತ ಬಾಯಿ ತೆರೆದರು, ಇದು ಸತ್ಯ. ಅಷ್ಟರಲ್ಲಿ ಮೂಗಿಗೆ ಕೊಳವೆ ಹಾಕಿಸಿಕೊಂಡು ಮಲಗಿದ್ದ ಅಂಬುಜಮ್ಮ ಮಾತಾಡಿದರು.

"ನಾನೇ ಅಂಗಡೀಲಿ ಕೇಳಿ ತಗೊಂಡೆ ಡಾಕ್ಟರೇ. ಇವರಿಗೆ ಗೊತ್ತಿಲ್ಲ."

ಡಾಕ್ಟರಮ್ಮ ಲಕ್ಷ್ಮೀಪತಿಯವರನ್ನು ನೋಡಿ, ಮನೇಲಿ ಇದ್ದುಕೊಂಡು ನೀವಾದರೂ ಒಂದು ಮಾತು ಕೇಳಬಾರದಾಗಿತ್ತೇ ಅಂದರು. ನಾರಾಯಣಪ್ಪ ನಡುವೆ ಬಾಯಿ ಹಾಕಿ, ಇವರು ಔಷಧಿ ಇಲಾಖೆಯಲ್ಲಿ ದೊಡ್ಡವರಾಗಿದ್ದವರು, ಎಲ್ಲ ಬಲ್ಲವರು, ಪಾಪ ಇವರಿಗೇ ಮುಚ್ಚಿಟ್ಟಿದಾರೆ ಅಂತ ಮರುಗಿದರು. ಲಕ್ಷ್ಮೀಪತಿಯವರು ತೆರೆದ ಬಾಯಿ ಮುಚ್ಚಿಕೊಂಡರು. ಒಂದು ನಿಮಿಷದ ವಿಷಯ ಅದು. ಆ ನಿಮಿಷ ದಾಟಿಹೋಯಿತು.

ಸುದ್ದಿ ಅವರಿಗಿಂತ ಮುಂಚೆ ಏಳನೇ ಅಡ್ಡರಸ್ತೆಗೆ ಬಂದು ಕೂತಿತ್ತು. ಮನೆಯಲ್ಲೇ ಡಾಕ್ಟರನ್ನಿಟ್ಟುಕೊಂಡು ಅಂಬುಜಮ್ಮ ಕದ್ದು ಅಂಗಡಿ ಮಾತ್ರೆ ತಿಂದರಂತೆ. ಅದಕ್ಕೇ ಯಾವುದಕ್ಕೂ ಮೊದಲು ಲಕ್ಷ್ಮೀಪತಿಯವರನ್ನು ಒಂದು ಮಾತು ಕೇಳಬೇಕು ಅಂತ ಬೀದಿ ಬುದ್ಧಿ ಕಲಿಯಿತು. ಹಿಂದೆ ನಾಲ್ಕು ಜನ ಬರುತ್ತಿದ್ದ ಕಡೆ ಹತ್ತು ಜನ ಬರಲಾರಂಭಿಸಿದರು. ಲಕ್ಷ್ಮೀಪತಿಯವರು ಡಬ್ಬಿ ಬೀರುವಿನ ಮೇಲೆ ಎತ್ತಿಟ್ಟು, ಡಾಕ್ಟರ ಹತ್ತಿರ ಹೋಗಿ ಅಂತ ಕೈ ಮುಗಿದರೆ, ಪಾಪ ಹೆಂಡತಿ ಚಿಂತೆ, ಆಮೇಲೆ ಬರೋಣ ಅಂತ ಹೋಗುತ್ತಿದ್ದರು. ಒಂದಿಬ್ಬರು, ಹೆಸರು ಬಂದಮೇಲೆ ಜಂಭ ಬಂತು ಅಂತಲೂ ಅಂದರು. ಚಿಕ್ಕಗಂಗಮ್ಮ ಮಾತ್ರ ಬರುವುದು ನಿಲ್ಲಿಸಿದ್ದಳು. ಬೇಡ ಅಂದಿದ್ದಕ್ಕೆ ಒಪ್ಪಿಕೊಂಡಿದ್ದಾಳೆ ಅಂತ ಲಕ್ಷ್ಮೀಪತಿಯವರು ನಂಬಿದರು.

ವಾರಕ್ಕೆ ಎರಡು ಸಲ ಆಟೋದಲ್ಲಿ ಆಸ್ಪತ್ರೆಗೆ ಹೋಗಿ ಬರುವುದು ಆ ಮನೆಯ ಹೊಸ ದಿನಚರಿಯಾಯಿತು. ನಾಲ್ಕು ಗಂಟೆ ಮೆಷೀನಿನ ಪಕ್ಕ ಕೂತು ಲಕ್ಷ್ಮೀಪತಿಯವರು ಹೆಂಡತಿಯ ಪಾದ ಒತ್ತುತ್ತಿದ್ದರು. ಬೆಳಗ್ಗೆ ಬಾಗಿಲಿಗೆ ನೀರು ಹಾಕಿ ತಾವೇ ಚುಕ್ಕಿ ಇಡಲು ಹೋಗಿ, ಹದಿನೈದು ಹಾಕಬೇಕಾದ ಕಡೆ ಹದಿನೇಳು ಹಾಕಿ ಗೇಟಿನ ಆಚೆ ಹೋಗಿಬಿಡುತ್ತಿದ್ದರು. ಅಂಬುಜಮ್ಮ ಕುರ್ಚಿಯಲ್ಲಿ ಕೂತು ನೋಡಿ ನಗುತ್ತಿದ್ದರು. ಒಂದು ದಿನ ಮೆಷೀನಿನ ಹತ್ತಿರ ಲಕ್ಷ್ಮೀಪತಿಯವರು ತಡೆಯಲಾರದೆ, ಅವತ್ತು ಯಾಕೆ ಹಾಗಂದೆ ಅಂತ ಕೇಳಿಯೇಬಿಟ್ಟರು.

"ಮೂವತ್ತಮೂರು ವರ್ಷ ಟೈಪ್ ಮಾಡಿದ್ರಲ್ರೀ," ಅಂದರು ಅಂಬುಜಮ್ಮ. "ಆ ಆಫೀಸಲ್ಲಿ ಒಬ್ಬರಾದ್ರೂ ನಿಮ್ಮನ್ನ ಕೂತ್ಕೊಳಿ ಅಂದಿದ್ರಾ? ಈ ಬೀದಿಯೋರು ಎದ್ದು ನಿಂತ್ಕೋತಾರೆ. ಹೋಗೋ ಕಾಲದಲ್ಲಿ ಅದನ್ನ ನಾನ್ಯಾಕೆ ಕಿತ್ಕೊಳ್ಳಲಿ."

ಲಕ್ಷ್ಮೀಪತಿಯವರು ಅಲ್ಲೇ, ನರ್ಸುಗಳ ಎದುರಿಗೆ, ಮಗುವಿನ ಹಾಗೆ ಅತ್ತರು. ಅಳಬೇಡ್ರೀ, ಅವರೇನಂದುಕೊಳ್ತಾರೆ ಅಂತ ಆಕೆಯೇ ಸಮಾಧಾನ ಮಾಡಿದರು.

ಹೀಗೆ ಒಂಬತ್ತು ತಿಂಗಳು ನಡೆಯಿತು. ಎರಡು ಸಾವಿರದ ಎಂಟರ ಶ್ರಾವಣದಲ್ಲಿ ಒಂದು ಮಧ್ಯಾಹ್ನ ಅಂಬುಜಮ್ಮ ತೀರಿಕೊಂಡರು.

ಬಂದವರೆಲ್ಲ, ಮುತ್ತೈದೆಯಾಗಿ ಹೋದರು, ಪುಣ್ಯವಂತೆ ಅಂದರು. ವೈಕುಂಠ ಸಮಾರಾಧನೆಯ ದಿನ ಶಾಮಿಯಾನದ ಕೆಳಗೆ ಊಟಕ್ಕೆ ಎಲೆ ಹಾಕಿತ್ತು. ಪಾಯಸ ಎರಡು ಸಲ ಹಾಕಿಸಿಕೊಂಡ ನಾರಾಯಣಪ್ಪ ಎಲೆ ಮುಂದೆ ಕೂತೇ, ಲಕ್ಷ್ಮೀಪತಿಗಳೇ, ಬೀರುವಿನ ಮೇಲಿಂದ ಒಂದು ಗ್ಯಾಸಿನ ಮಾತ್ರೆ ಅಂತ ಮೆಲ್ಲಗೆ ಕೇಳಿದರು. ಮಧ್ವೇಶ್ ಭಾವನ ಹೆಗಲ ಮೇಲೆ ಕೈಯಿಟ್ಟು, ಅಕ್ಕ ನಿಮ್ಮ ಮಾತು ಕೇಳಿದ್ದಿದ್ದರೆ ಇವತ್ತು ಇರುತ್ತಿದ್ದಳು ಅಂತ ಕಣ್ಣೊರೆಸಿಕೊಂಡ. ಲಕ್ಷ್ಮೀಪತಿಯವರು ತಲೆ ತಗ್ಗಿಸಿದರು. ತಗ್ಗಿಸಿದಾಗಲೇ ಅವರಿಗೆ ಕಂಡದ್ದು.

ಗೇಟಿನ ಹತ್ತಿರ ಹೂವಿನ ಬುಟ್ಟಿ ಇಳಿಸಿ ನಿಂತಿದ್ದಳು ಚಿಕ್ಕಗಂಗಮ್ಮ. ಅವಳ ಪಾದ ಚಪ್ಪಲಿಯ ಪಟ್ಟಿಯಿಂದ ಆಚೆ ಉಕ್ಕಿತ್ತು. ಕಾಲುಂಗುರ ಬೆರಳಿನ ಮಾಂಸದೊಳಗೆ ಹೂತುಹೋಗಿತ್ತು. ಆ ಪಾದವನ್ನು ಅವರು ಬೇರೆಲ್ಲೋ ನೋಡಿದ್ದರು. ಒಂಬತ್ತು ತಿಂಗಳು ಅಂಥದ್ದೇ ಎರಡು ಪಾದ ಒತ್ತಿದ್ದರು. ಎದ್ದು ಅವಳ ಹತ್ತಿರ ಹೋಗಿ, ಆ ಮಾತ್ರೆ ಇನ್ನೂ ನುಂಗ್ತಿದೀಯಾ ಅಂತ ಕೇಳಿದರು. ಚಿಕ್ಕಗಂಗಮ್ಮ ಹೆಮ್ಮೆಯಿಂದಲೇ ಹೇಳಿದಳು. ಸ್ವಾಮಿಯವರಿಗೆ ಕಷ್ಟಕಾಲ, ತೊಂದರೆ ಕೊಡಬಾರದು ಅಂತ, ಅವರು ಕೊಟ್ಟಿದ್ದ ತುಂಡಿನಲ್ಲಿನ ಮಾತ್ರೆಯ ಬಣ್ಣ ತೋರಿಸಿ, ಮಂಡಿನೋವಿಗೆ ಅಂತ ಹೇಳಿ ಅಂಗಡಿಯಲ್ಲಿ ಅಂಥದ್ದೇ ತಗೊಳ್ಳುತ್ತಿದ್ದಾಳೆ, ಹೊತ್ತಿಗೆ ಸರಿಯಾಗಿ, ಬೆಳಗ್ಗೆ ಒಂದು, ಸಂಜೆ ಒಂದು. ಅಮ್ಮಾವ್ರ ಥರ ಕಂಡಕಂಡದ್ದು ತಿನ್ನುವುದಿಲ್ಲ.

ಲಕ್ಷ್ಮೀಪತಿಯವರು ಶಾಮಿಯಾನದ ನಡುವಿಗೆ ಬಂದು ನಿಂತರು. ಊಟ ಮಾಡುತ್ತಿದ್ದವರು ದಕ್ಷಿಣೆ ಕೊಡುತ್ತಾರೇನೋ ಅಂತ ತಲೆ ಎತ್ತಿದರು.

"ಅಂಬುಜಾಗೆ ಆ ಮಾತ್ರೆ ಕೊಟ್ಟಿದ್ದು ನಾನು. ಅಂಗಡೀದಲ್ಲ, ನಾನು. ನಿಮಗೆಲ್ಲ ಕೊಟ್ಟಿದ್ದೂ ಅದೇ. ಯಾರೂ ನುಂಗಬೇಡಿ. ಮನೇಲಿ ಇರೋದನ್ನ ಬಿಸಾಕಿ."

ಎಲ್ಲರ ಮುಖದಲ್ಲೂ ಕರುಣೆ ಬಂತು, ಅದೇ ಬಂದ ಗ್ರಹಚಾರ. ಮಧ್ವೇಶ್ ಓಡಿಬಂದು, ಭಾವ, ತಪ್ಪೆಲ್ಲ ತಲೆ ಮೇಲೆ ಹಾಕ್ಕೋಬೇಡಿ ಅಂತ ತಬ್ಬಿಕೊಂಡ. ಹದಿಮೂರು ದಿನದಿಂದ ನಿದ್ದೆಯಿಲ್ಲ, ತಲೆ ನಿಂತಿಲ್ಲ ಅಂತ ಒಬ್ಬರು ಅಂದರು. ಸತ್ತವರ ಮಾನ ಕಾಯೋದಕ್ಕೆ ಹೀಗೆ ಹೇಳ್ತಿದಾರೆ, ದೇವರಂಥ ಮನುಷ್ಯ ಅಂತ ಇನ್ನೊಬ್ಬರು ಕಣ್ಣೀರು ಹಾಕಿದರು. ನಾರಾಯಣಪ್ಪ ಎಡಗೈಯಲ್ಲಿ ಜುಬ್ಬದ ಜೇಬು ತಡಕಿ ಒಂದು ತುಂಡು ತೆಗೆದು ಲಕ್ಷ್ಮೀಪತಿಯವರ ಅಂಗೈಯಲ್ಲಿಟ್ಟರು. ನಿದ್ದೆಗೆ ಒಳ್ಳೇದು, ಅರ್ಧ ಸಾಕು, ನೀವೇ ಕೊಟ್ಟಿದ್ದು ಅಂದರು. ಲಕ್ಷ್ಮೀಪತಿಯವರು ಅಭ್ಯಾಸದ ಮೇಲೆ ಅದನ್ನು ತಿರುಗಿಸಿ ತಾರೀಖು ಹುಡುಕಿದರು. ಕತ್ತರಿಸಿದ ತುಂಡು, ಅದರಲ್ಲಿ ಏನೂ ಬರೆದಿರಲಿಲ್ಲ.

ಮಾರನೇ ದಿನ ಅವರು ಮೊದಲು ಒಗ್ಗರಣೆ ಡಬ್ಬಿಯನ್ನು ಬೀರುವಿನಿಂದ ಇಳಿಸಿ, ಇದ್ದದ್ದೆಲ್ಲ ಸುರಿದು ಪುಡಿಮಾಡಿ ಚರಂಡಿಗೆ ಹಾಕಿ, ಸೀಗೇಪುಡಿ ಹಾಕಿ ಉಜ್ಜಿ ಸಾಸಿವೆ ತುಂಬಿದರು. ಬಿ ಕಾಂಪ್ಲೆಕ್ಸಿನ ವಾಸನೆ ಹೋಗಲಿಲ್ಲ. ಆಮೇಲೆ ಮಾರ್ಕೆಟ್ಟಿಗೆ ಹೋಗಿ ಚಿಕ್ಕಗಂಗಮ್ಮನ ಮುಂದೆ ನಿಂತು, ಬುಟ್ಟಿ ಎತ್ತು, ಆಸ್ಪತ್ರೆಗೆ ಹೋಗಬೇಕು ಅಂದರು. ಸ್ವಾಮಿಗೆ ಇನ್ನೂ ತಲೆ ಸರಿಯಾಗಿಲ್ಲ ಅಂತ ಅವಳು ಪಕ್ಕದ ನಿಂಬೆಹಣ್ಣಿನವಳಿಗೆ ಕಣ್ಣಲ್ಲೇ ಹೇಳಿದಳು. ಆದರೂ ಹೆಂಡತಿ ಕಳಕೊಂಡವರ ಮಾತು ತೆಗೆದುಹಾಕಬಾರದು ಅಂತ, ಅವರ ಸಮಾಧಾನಕ್ಕೆ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಅವಳೇ ಅವರಿಗೆ ಧೈರ್ಯ ಹೇಳಿದಳು.

ಅದೇ ಡಾಕ್ಟರಮ್ಮ. ರಕ್ತ ತೆಗೆದು, ರಿಪೋರ್ಟು ಬರುವ ತನಕ ಮೂರು ಗಂಟೆ ಬೆಂಚಿನ ಮೇಲೆ ಕೂರಿಸಿದರು. ಲಕ್ಷ್ಮೀಪತಿಯವರು ಆ ಮೂರು ಗಂಟೆಯೂ ಅವಳ ಪಾದವನ್ನೇ ನೋಡುತ್ತಾ ಕೂತಿದ್ದರು. ಕೊನೆಗೆ ಒಳಗೆ ಕರೆದರು. ಕಿಡ್ನಿಗೆ ಪೆಟ್ಟು ಬಿದ್ದಿದೆ, ಇವತ್ತಿನಿಂದಲೇ ಆ ಮಾತ್ರೆ ನಿಲ್ಲಿಸಿ ಹೇಳಿದ ಹಾಗೆ ಇದ್ದರೆ ಉಳಿಸಿಕೊಳ್ಳಬಹುದು, ಇನ್ನು ಆರು ತಿಂಗಳು ಬಿಟ್ಟು ಬಂದಿದ್ದರೆ ಕಷ್ಟವಿತ್ತು, ಅಂದರು ಡಾಕ್ಟರಮ್ಮ. ಡಾಕ್ಟರಮ್ಮ ಪೆನ್ನು ತೆಗೆದುಕೊಂಡು, ಇದನ್ನ ನಿಮಗೆ ಯಾರು ಕೊಟ್ಟಿದ್ದು ಅಂತ ಕೇಳಿದರು.

ಚಿಕ್ಕಗಂಗಮ್ಮ ಒಂದು ಸಲ ಲಕ್ಷ್ಮೀಪತಿಯವರ ಮುಖ ನೋಡಿದಳು. ನೋಡಿ, ಸೆರಗು ಸರಿಮಾಡಿಕೊಂಡು, ಸ್ವಲ್ಪವೂ ತಡವರಿಸದೆ ಹೇಳಿದಳು.

"ನಾನೇಯ ಅಂಗ್ಡೀಲಿ ಕೇಳಿ ತಕ್ಕಂಡೆ ಕಣವ್ವ. ಸ್ವಾಮಿಗಳಿಗೆ ಗೊತ್ತಿಲ್ಲ."

ಡಾಕ್ಟರಮ್ಮ ಅದನ್ನೇ ಬರೆಯಲು ಹೋದರು. ಲಕ್ಷ್ಮೀಪತಿಯವರು ಕೈ ಚಾಚಿ ಆ ಕಾಗದದ ಮೇಲೆ ಇಟ್ಟರು.

"ಅವಳು ಸುಳ್ಳು ಹೇಳ್ತಿದಾಳೆ. ಕೊಟ್ಟಿದ್ದು ನಾನು."

ಡಾಕ್ಟರಮ್ಮ ತಲೆಯೆತ್ತಿ ಅವರನ್ನು ನೋಡಿದರು. ಎಲ್ಲೋ ನೋಡಿದ ಮುಖ ಅನ್ನಿಸಿರಬೇಕು.

"ನೀವು ಡಾಕ್ಟರಾ?"

"ಅಲ್ಲ ತಾಯಿ. ಟೈಪಿಸ್ಟು," ಅಂದರು ಲಕ್ಷ್ಮೀಪತಿಯವರು. ಆಮೇಲೆ ಕಾಗದದ ಮೇಲಿಂದ ಕೈ ತೆಗೆದು, "ಹೋದ ಕಾರ್ತಿಕದಲ್ಲಿ ಅಂಬುಜಾ ಅಂತ ಒಬ್ಬರು ಬಂದಿದ್ರು, ಅವರ ಫೈಲಿದ್ದರೆ ಅದರಲ್ಲೂ ತಿದ್ದಿಬಿಡಿ," ಅಂದರು.